ಗೆರೆಯ ಮೇಲೆ ಬಿದ್ದ ಚೆಂಡು

ಸಗಣಿ ಸಾರಿಸಿದ ಅಂಗಳದ ವಾಸನೆ ಬಂದರೆ ಬೇರೆಯವರಿಗೆ ಹಬ್ಬ ನೆನಪಾಗಬಹುದು, ನನಗೆ ಟೆನ್ನಿಸ್ ನೆನಪಾಗುತ್ತದೆ. ನಗಬೇಡಿ. ಹೋದ ವಾರ ಕಿಣ್ಣಿ ಸುಲ್ತಾನ ಎಂಬ ಹಳ್ಳಿಗೆ ಬಳಗದವರ ಮದುವೆಗೆ ಹೋಗಿದ್ದೆ. ಹಂದರದ ಕೆಳಗೆ ಆಗಷ್ಟೇ ಸಾರಿಸಿದ್ದರು. ಚಪ್ಪಲಿ ಬಿಟ್ಟು ಕಾಲಿಟ್ಟೆನೋ ಇಲ್ಲವೋ, ಟೆನ್ನಿಸ್ ಕಲಿಸಿದ ನನ್ನ ಹಳೆಯ ಗೆಳತಿ ಕಣ್ಣ ಮುಂದೆ ಬಂದು ನಿಂತಳು. ಊಟ ಸೇರಲಿಲ್ಲ.

ಎಪ್ಪತ್ತರ ದಶಕದಲ್ಲಿ ಆಳಂದದ ಆಫೀಸರ್ಸ್ ಕ್ಲಬ್ಬಿಗೆ ಒಂದು ಟೆನ್ನಿಸ್ ಅಂಗಳವಿತ್ತು. ಮುರುಮು ಮಣ್ಣು ಹಾಕಿ ಬಡಿದು, ಮೇಲೆ ಸಗಣಿ ಸಾರಿಸಿ, ಸುಣ್ಣದ ಗೆರೆ ಎಳೆದದ್ದು. ತಹಶೀಲ ಕಚೇರಿಯಲ್ಲಿ ಕಾರಕೂನನಾಗಿದ್ದ ಅಪ್ಪನ ಹತ್ತಿರ ಅದರ ಕೀಲಿ ಇರುತ್ತಿತ್ತು. ಜೇವರ್ಗಿಯಿಂದ ವರ್ಗವಾಗಿ ಬಂದ ತಹಶೀಲ್ದಾರರು ಮೂಲತಃ ಮೈಸೂರು ಕಡೆಯವರು. ಅವರಿಗೆ ನನ್ನ ವಯಸ್ಸಿನ ಮಗಳೊಬ್ಬಳಿದ್ದಳು, ಟೆನ್ನಿಸ್ ಹುಚ್ಚಿನವಳು. ಅವಳೊಡನೆ ಆಡಲು ಊರಲ್ಲಿ ಒಬ್ಬ ಹುಡುಗಿಯೂ ಇರಲಿಲ್ಲ. ಸಾಹೇಬರು ಅಪ್ಪನಿಗೆ ಹೇಳಿದರು, ಅಪ್ಪ ನನಗೆ ಹೇಳಿದ. ಅಜ್ಜಿ ಹಣೆ ಬಡಿದುಕೊಂಡಳು: “ಯವ್ವಾ, ಲಗ್ನಾ ಮಾಡೋ ಹುಡುಗಿ ಚೆಂಡಿನ ಹಿಂದ ಓಡಾಕತ್ಯಾಳಲ್ಲ!”

ಲಂಗ ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳ ಹಳೆಯ ರ‍್ಯಾಕೆಟ್‌ನಲ್ಲಿ ಆಡಲು ಕಲಿತೆ. ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎನ್ನುವುದಕ್ಕೆ ಅವಳು ಮೊದಲ ದಿನವೇ ಒಂದು ಕಟ್ಟಳೆ ಹೇಳಿದ್ದಳು. “ಗೆರೆ ಮುಟ್ಟಿದ್ರೂ ಒಳಗೇ ಅಂತ ಲೆಕ್ಕ. ನನ್ನ ಕಡೆ ಬಿದ್ದದ್ದಕ್ಕೆ ನಾನು ಹೇಳ್ತೀನಿ, ನಿನ್ನ ಕಡೆ ಬಿದ್ದದ್ದಕ್ಕೆ ನೀನು ಹೇಳು. ಒಬ್ಬರನ್ನೊಬ್ಬರು ನಂಬಬೇಕು, ಅಷ್ಟೆ.” ಎರಡು ವರ್ಷ ಹಾಗೇ ಆಡಿದೆವು, ಒಂದು ದಿನವೂ ಜಗಳವಾಗಲಿಲ್ಲ. ಭಾನುವಾರ ಇಬ್ಬರೂ ಸೇರಿ ಅಂಗಳ ಸಾರಿಸುತ್ತಿದ್ದೆವು. ಮೊದಮೊದಲು ಮೂಗು ಮುಚ್ಚಿಕೊಂಡವಳು ಆಮೇಲೆ ಮೊಣಕೈವರೆಗೆ ಸಗಣಿ ಮಾಡಿಕೊಂಡು ನಗುತ್ತಿದ್ದಳು... ನಿಜ ಹೇಳಬೇಕೆಂದರೆ, ಅಂಥ ಗೆಳತಿ ನನಗೆ ಮತ್ತೆ ಸಿಗಲಿಲ್ಲ.

ಮೆಟ್ರಿಕ್ ಮುಗಿದ ವರ್ಷ ಗುಲ್ಬರ್ಗಾದಲ್ಲಿ ಆಯ್ಕೆ ಆಟಗಳಿದ್ದವು. ಗೆದ್ದ ಒಬ್ಬಳಿಗೆ ಬೆಂಗಳೂರಿನಲ್ಲಿ ತರಬೇತಿ, ಹಾಸ್ಟೆಲ್ಲು, ಕಾಲೇಜು. ಅಷ್ಟೊತ್ತಿಗೆ ಖಜೂರಿಯಿಂದ ನನಗೊಂದು ಸಂಬಂಧ ಬಂದಿತ್ತು. ಅಪ್ಪ ಕಡ್ಡಿ ಮುರಿದಂತೆ ಹೇಳಿದ: “ಗೆದ್ದಿ ಅಂದ್ರ ಬೆಂಗಳೂರಿಗಿ ಕಳಿಸ್ತೀನಿ. ಸೋತಿ ಅಂದ್ರ ಲಗ್ನಕ್ಕ ಹ್ಞೂಂ ಅನ್ನಬೇಕು, ನೋಡು.”

ಓಡಿಹೋಗಿ ಇದನ್ನು ಹೇಳಿದ್ದು ಯಾರಿಗೆ? ಅವಳಿಗೇ. ನನ್ನ ಎರಡೂ ಕೈ ಹಿಡಿದುಕೊಂಡು, “ನೀನೇ ಹೋಗ್ಬೇಕು ಕಣೇ. ನನ್ನನ್ನ ಅಪ್ಪ ಹೇಗೂ ಎಲ್ಲಿಗಾದ್ರೂ ಕಳಿಸ್ತಾರೆ” ಎಂದಳು.

ಅಫಜಲಪುರದ ಹುಡುಗಿಯರು, ಗುಲ್ಬರ್ಗಾದವರು ಎಲ್ಲ ಸೋತು ಕೊನೆಗೆ ಉಳಿದದ್ದು ನಾವಿಬ್ಬರೇ. ಅಲ್ಲೂ ಸಗಣಿಯ ಅಂಗಳವೇ. ಅಂಕ ಎಣಿಸಲು ಒಬ್ಬ ಮಾಸ್ತರರಿದ್ದರು, ಗೆರೆಯ ತೀರ್ಪು ಮಾತ್ರ ಅವರವರ ಕಡೆಯದು ಅವರವರದೇ. ಇನ್ನೊಂದು ಅಂಕ ಬಂದರೆ ನಾನು ಗೆದ್ದೆ. ಹೊಡೆದೆ. ಚೆಂಡು ಅವಳ ಹಿಂದಿನ ಗೆರೆಯ ಮೇಲೆ ಬಿತ್ತು. ಸುಣ್ಣದ ಪುಡಿ ಎದ್ದದ್ದನ್ನು ನಾನು ನೋಡಿದೆ, ಅವಳೂ ನೋಡಿದಳು. ಅವಳನ್ನು ತಬ್ಬಿಕೊಳ್ಳಲು ನಡೆಯತೊಡಗಿದ್ದೆ.

“ಔಟ್” ಎಂದಳು.

ಹೇಳುತ್ತಲೇ ಬೂಟುಗಾಲಿನಿಂದ ಗುರುತು ಉಜ್ಜಿಬಿಟ್ಟಳು. ಮಾಸ್ತರರು, “ಏನರೇ ತಕರಾರು ಅದ ಏನವ್ವಾ?” ಎಂದು ನನ್ನನ್ನು ಕೇಳಿದರು. ನಾನು ಅವಳ ಮುಖ ನೋಡಿದೆ, ಅವಳು ನೆಲ ನೋಡುತ್ತಿದ್ದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ... ಹುಚ್ಚಿ ನಾನು! “ಇಲ್ರಿ” ಎಂದೆ. ಆಮೇಲೆ ಹೊಡೆದದ್ದೆಲ್ಲ ಬಲೆಗೇ ಬಿತ್ತು, ಸೋತೆ. ಆ ವರ್ಷವೇ ಖಜೂರಿಗೆ ಸೊಸೆಯಾಗಿ ಹೋದೆ.

ಅವಳು ರಾಜ್ಯ ಗೆದ್ದಳು, ದೇಶ ಗೆದ್ದಳು, ಆಟವನ್ನೇ ವೃತ್ತಿ ಮಾಡಿಕೊಂಡು ವಿದೇಶಗಳಿಗೆ ಹೋಗಿ ಗೆದ್ದು ಬಂದಳು. ಹಿಟ್ಟಿನ ಕೈಯಲ್ಲೇ ಪೇಪರ್ ಹಿಡಿದು ಅವಳ ಫೋಟೊ ನೋಡುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಅವಳು ಸೋತ ಸುದ್ದಿ ಬಂದ ದಿನ ನನ್ನ ರೊಟ್ಟಿಗಳು ಹೊತ್ತಿಹೋಗುತ್ತಿದ್ದವು. ಒಂದು ಕಾಗದವನ್ನೂ ಬರೆಯಲಿಲ್ಲ ಅವಳು. ನಾನಂತೂ ಯಾಕೆ ಬರೆಯಲಿ?

ತೊಂಬತ್ತರ ದಶಕದಲ್ಲಿ, ಅವಳು ಆಟ ಬಿಟ್ಟ ಮೇಲೆ, ಆಳಂದದಲ್ಲಿ ಸನ್ಮಾನ ಇಟ್ಟರು. ಪೇಪರ್ ಓದಿ ಓದಿ ಅವಳ ಅಭಿಮಾನಿಯಾಗಿದ್ದ ನನ್ನ ಯಜಮಾನರು, “ನಿಮ್ಮೂರ ಚಾಂಪಿಯನ್ ಬರಾಕತ್ಯಾಳ, ನಡೀ” ಎಂದು ಕರೆದುಕೊಂಡು ಹೋದರು. ನಾನೊಮ್ಮೆ ರ‍್ಯಾಕೆಟ್ ಹಿಡಿದಿದ್ದೆನೆಂಬುದನ್ನು ಲಗ್ನದ ಮಾತುಕತೆಯಲ್ಲಿ ತವರಿನವರು ಮುಚ್ಚಿಟ್ಟಿದ್ದರು, ಆಮೇಲೆ ನಾನೂ ಹೇಳಿರಲಿಲ್ಲ. ಅವಳೇ ಇವತ್ತು ನನ್ನ ಹೆಸರು ಹೇಳಬಹುದು, ತಪ್ಪಾಯಿತು ಅನ್ನಬಹುದು ಎಂದು ಒಳಗೊಳಗೇ ಆಸೆ ಇತ್ತು.

ಮೈಕಿನ ಮುಂದೆ ನಿಂತು ನಮ್ಮ ಮಾತಿನಲ್ಲೇ ಶುರುಮಾಡಿದಳು: “ನಾ ನಿಮ್ಮೂರಾಕಿನೇ ಅದೀನ್ರಿ.” ಜನ ಕುಣಿದಾಡಿಬಿಟ್ಟರು. ಆಮೇಲೆ ಕಥೆ ಹೇಳಿದಳು. ಇಲ್ಲಿ ಅವಳಿಗೊಬ್ಬ ಗೆಳತಿ ಇದ್ದಳಂತೆ. ಗುಲ್ಬರ್ಗಾದ ಆಯ್ಕೆ ಆಟದಲ್ಲಿ ಆ ಗೆಳತಿ ಗೆರೆಯ ಮೇಲೆ ಬಿದ್ದ ಇವಳ ಚೆಂಡನ್ನು ಔಟ್ ಎಂದು, ಕಾಲಿನಿಂದ ಗುರುತು ಅಳಿಸಿದಳಂತೆ! “ನಾ ಅಳಲಿಲ್ರಿ. ಮೋಸ ಮಾಡಿದಾಕಿ ಮುಂದ ಗೆದ್ದು ತೋರಿಸೀನಿ. ಅಕಿಗಿ ಮಾಫ್ ಭೀ ಮಾಡೀನ್ರಿ.”

ಸಭೆಯೆಲ್ಲ ಚಪ್ಪಾಳೆ. ನನ್ನ ಪಕ್ಕದಲ್ಲಿ ಯಜಮಾನರದೇ ಎಲ್ಲರಿಗಿಂತ ಜೋರು. ಕೂತಲ್ಲೇ ಸೆರಗು ಹೊದ್ದು ಮುಖ ಮರೆಮಾಡಿಕೊಂಡೆ, ತಪ್ಪು ನಾನೇ ಮಾಡಿದವಳ ಹಾಗೆ.

ಬಸ್ಸಿನಲ್ಲಿ ಯಜಮಾನರು ಕೇಳಿದರು: “ನೀನೂ ಆಳಂದದಾಕಿನೇ ಅಲ್ಲ? ಆ ಮೋಸಗಾತಿ ಯಾರಂತ ಗೊತ್ತದ ಏನ?”

ನಾಲಗೆಯ ತುದಿಗೆ ಬಂದಿತ್ತು. ಹೇಳಿದರೆ ಯಾರನ್ನು ನಂಬುತ್ತಿದ್ದರು, ಚಾಂಪಿಯನ್ನನ್ನೋ ನನ್ನನ್ನೋ? “ಗೊತ್ತಿಲ್ರಿ” ಎಂದೆ.

ಈಗ ಯಜಮಾನರಿಲ್ಲ. ಅವಳು ಎಲ್ಲಿದ್ದಾಳೋ, ಹೇಗಿದ್ದಾಳೋ... ಬೆಂಗಳೂರು ತಪ್ಪಿದ್ದನ್ನು ಎಂದೋ ನುಂಗಿಕೊಂಡಿದ್ದೆ. ಆದರೆ ಆಡಿದ ಆ ಎರಡು ವರ್ಷವಾದರೂ ನನ್ನವಾಗಿದ್ದವಲ್ಲ, ಅವನ್ನೂ ಕಿತ್ತುಕೊಂಡಳು. ಆ ಭಾಷಣದ ಕಥೆ ಈ ಕಡೆ ಎಲ್ಲರಿಗೂ ಬಾಯಿಪಾಠ. ಅವಳ ಜೊತೆ ಆಡುತ್ತಿದ್ದೆ ಅಂದರೆ ಮೋಸಗಾತಿ ನಾನೇ ಎಂದಾಗುತ್ತದೆ. ಕಿಣ್ಣಿ ಸುಲ್ತಾನದ ಹಂದರದಲ್ಲಿ ಚಿಕ್ಕ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದು ಕೂತು ಕೇಳಿದಳು: “ಆಯಿ, ನೀ ಸಣ್ಣಾಕಿ ಇದ್ದಾಗ ಏನೇನು ಆಟ ಆಡ್ತಿದ್ದಿ?”

“ಏನೂ ಆಡಿಲ್ಲವ್ವಾ” ಎಂದೆ.