ಹಳೆ ಪುಸ್ತಕದ ಮೇಡಂ

ಔರಾದದ ಶಿವಕಾಂತಾ ಭಾಲ್ಕಿಯ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಕಾಯಂ ನೌಕರಿಯಲ್ಲ. ವರ್ಷ ವರ್ಷ ಕಾಲೇಜಿನವರು ಕರೆದರೆ ಉಂಟು, ಬಿಟ್ಟರೆ ಇಲ್ಲ. ಇಂಥ ಕೆಲಸದಲ್ಲಿರುವವರು ಸಾಮಾನ್ಯವಾಗಿ ಬಾಯಿ ಮುಚ್ಚಿಕೊಂಡಿರುತ್ತಾರೆ. ಶಿವಕಾಂತಾಳಿಗೆ ಆ ಗುಣ ಬರಲೇ ಇಲ್ಲ.

ಆ ವರ್ಷ ಆಡಳಿತ ಮಂಡಳಿ ಹೊಸ ನಿಯಮ ತಂದಿತು. ತಾವು ಹೇಳಿದ ಅಂಗಡಿಯಲ್ಲೇ ಎಲ್ಲರೂ ಹೊಸ ಆವೃತ್ತಿಯ ಪಠ್ಯಪುಸ್ತಕಗಳ ಸೆಟ್ ಕೊಳ್ಳಬೇಕು. ಕೊಳ್ಳದವರು ಕ್ಲಾಸಿಗೆ ಬರುವಂತಿಲ್ಲ. ಒಂದು ಬೆಳಿಗ್ಗೆ ಶಿವಕಾಂತಾ ಬಂದಾಗ ವರಾಂಡದಲ್ಲಿ ಕೆಲವು ಮಕ್ಕಳು ಗೋಡೆಗೆ ಒರಗಿ ನಿಂತಿದ್ದರು. ಅವರಲ್ಲಿ ಕಾಜಲ ಎಂಬ ಹುಡುಗಿಯೂ ಇದ್ದಳು. ಕುರಿ ಸಾಕುವ ಮನೆಯವಳು, ಓದಿನಲ್ಲಿ ಮುಂದು. ಅವಳ ಕೈಯಲ್ಲಿ ಪುಸ್ತಕವಂತೂ ಇತ್ತು.

"ಯಾಕ ಹೊರಗ ನಿಂತೀದಿ?"

"ಇದು ಹಳೇದಂತರಿ ಮೇಡಂ. ನಮ್ಮ ಅಕ್ಕಂದು. ಹೊಸದು ತಗೊಂಡೇ ಒಳಗ ಬಾ ಅಂದಾರ ಸರ್."

ಶಿವಕಾಂತಾ ಆ ಪುಸ್ತಕ ಇಸಿದುಕೊಂಡು ಸ್ಟಾಫ್ ರೂಮಿನಲ್ಲಿದ್ದ ಹೊಸದರ ಪಕ್ಕ ಇಟ್ಟು ನೋಡಿದಳು. ಮುಖಪುಟ ಬೇರೆ. ಅಧ್ಯಾಯಗಳು ಹಿಂದೆ ಮುಂದೆ ಆಗಿದ್ದವು. ಲೆಕ್ಕಗಳಲ್ಲಿ ಅಂಕಿ ಬದಲಾಗಿದ್ದವು. ಒಳಗಿನ ಪಾಠ ಸಾಲು ಸಾಲೂ ಅದೇ, ಬೆಲೆ ಮಾತ್ರ ಏರಿತ್ತು. ಅವಳಿಗೆ ಮೈಯೆಲ್ಲ ಉರಿಯಿತು.

ಮರುದಿನ ತನ್ನ ಬಿಡುವಿನ ತಾಸಿಗೆ ಅವಳು ಕುರ್ಚಿಯನ್ನು ತಾನೇ ಎತ್ತಿ ತಂದು ವರಾಂಡದಲ್ಲಿ ಹಾಕಿದಳು.

"ಹೊರಗ ನಿಂತವರೆಲ್ಲ ಇಲ್ಲೇ ಕೂಡ್ರಿ. ನಿಮಗ ನಾ ಹೊರಗೇ ಕಲಿಸ್ತೇನಿ."

ಹಳೆ ಪುಸ್ತಕವೂ ಇಲ್ಲದವರು ಬಹಳ ಮಂದಿಯಿದ್ದರು. ಪಾಸಾಗಿ ಹೋದವರ ಮನೆಗಳಿಗೆ ಶಿವಕಾಂತಾ ಫೋನು ಹಚ್ಚಿದಳು. ಅಟ್ಟದ ಮೇಲಿಂದ, ಪೆಟ್ಟಿಗೆಯೊಳಗಿಂದ ಪುಸ್ತಕಗಳು ಹೊರಬಿದ್ದವು. ಕೆಲವಕ್ಕೆ ಬೆನ್ನಿಲ್ಲ, ಕೆಲವನ್ನು ಇಲಿ ಕಡಿದಿತ್ತು. ಭಾನುವಾರ ಅವನ್ನೆಲ್ಲ ಚೀಲಕ್ಕೆ ತುಂಬಿ ಬಸ್ಸಿಗೆ ಹಾಕಿಕೊಂಡು ಬೀದರಿಗೆ ಒಯ್ದಳು. ಅಲ್ಲಿ ಬೈಂಡಿಂಗ್ ಅಂಗಡಿಯ ಮಕ್ಸೂದ ಚೀಲ ಬಿಚ್ಚಿ ನೋಡಿ ನಕ್ಕ.

"ಮೇಡಂ, ಇವಕ್ಕ ಹೊಲಿಗಿ ಹಾಕೂದಕ್ಕಿಂತ ರದ್ದಿಗೆ ಹಾಕೂದು ಚಲೋರಿ."

"ಹೊಲೀರಿ ಭಾಯ್. ಓದೂವ್ರು ಅದಾರ."

ಅವನು ಒಂದೊಂದೇ ಪುಸ್ತಕ ತಿರುವಿ ನೋಡಿದ. ಆಮೇಲೆ, "ಅರ್ಧಾ ಮಜೂರಿ ಕೊಡ್ರಿ. ನಮ್ಮ ಮಗಳು ಆಯೆಶಾನೂ ಬಿ.ಕಾಂ.ಗೆ ಸೇರ್ಯಾಳ. ಆಕೀಗೂ ಒಂದು ಸೆಟ್ ಇಡ್ರಿ ಮತ್ತ" ಎಂದ.

ಹೀಗೆ ಪುಸ್ತಕಗಳು ಕೈಯಿಂದ ಕೈಗೆ ಓಡಾಡತೊಡಗಿದವು. ಪರೀಕ್ಷೆ ಮುಗಿದ ಮೇಲೆ ಹಿಂದಿರುಗಿಸಬೇಕು, ಮುಂದಿನವರಿಗೆ ಕೊಡಬೇಕು; ಅದೊಂದೇ ಷರತ್ತು. ವರಾಂಡದ ಗುಂಪು ಬೆಳೆಯಿತು. ಹೊಸ ಸೆಟ್ ಕೊಂಡವರೂ ಕ್ಲಾಸು ಬಿಟ್ಟು ಅಲ್ಲಿಗೇ ಬಂದು ಕೂಡಹತ್ತಿದಾಗ ಪ್ರಿನ್ಸಿಪಾಲರು ಅವಳನ್ನು ಕರೆಸಿದರು.

"ಮೇಡಂ, ಇದು ಮಂಡಳಿ ತೀರ್ಮಾನ ಅದ. ನೀವು ನಡುವ ಬರಬ್ಯಾಡ್ರಿ."

"ಪುಸ್ತಕ ಹಳೇದಂತ ಹುಡುಗೀನ ಹೊರಗ ನಿಲ್ಲಸ್ಬೇಕಂತ ಬರದು ಸಹಿ ಹಾಕಿ ಕೊಡ್ರಿ ಸರ್. ಅದನ್ನ ನೋಟಿಸ್ ಬೋರ್ಡಿಗೆ ನಾನೇ ಹಚ್ತೇನಿ."

"ಮುಂದಿನ ವರ್ಷದ ವಿಚಾರಾನೂ ಮಾಡ್ರಿ."

"ಮಾಡೇನ್ರಿ. ಮಾಡೇ ಬಂದೇನಿ."

ಪ್ರಿನ್ಸಿಪಾಲರು ಏನನ್ನೂ ಬರೆದು ಕೊಡಲಿಲ್ಲ. ಆದರೆ ಆ ವಾರದಿಂದ ಬಾಗಿಲಲ್ಲಿ ಪುಸ್ತಕ ನೋಡುವುದು ನಿಂತಿತು. ನಿಯಮ ತೆಗೆದೆವೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಕಾಜಲ ಅಕ್ಕನ ಪುಸ್ತಕ ಹಿಡಿದುಕೊಂಡೇ ಒಳಗೆ ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತಳು.

ಮುಂದಿನ ವರ್ಷ ಕಾಲೇಜಿನಿಂದ ಕರೆ ಬರಲಿಲ್ಲ. ಶಿವಕಾಂತಾಳಿಗೆ ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಎಷ್ಟೋ ದಿನ ಬೆಳಿಗ್ಗೆ ಭಾಲ್ಕಿ ಬಸ್ಸಿನ ಹೊತ್ತಿಗೆ ಸೀರೆ ಉಟ್ಟು ತಯಾರಾಗಿ ಸುಮ್ಮನೆ ಕೂತಿದ್ದಳು. ಆಮೇಲೆ ಔರಾದದಲ್ಲೇ ಟ್ಯೂಷನ್ ಶುರು ಮಾಡಿದಳು. ಹಳೆ ಪುಸ್ತಕಗಳಿಗೆ ಮನೆಯ ಹೊರಕೋಣೆ ಬಿಟ್ಟುಕೊಟ್ಟಳು. ಭಾಲ್ಕಿಯಿಂದ, ಬೀದರಿನಿಂದ ಮಕ್ಕಳು ಬಂದು ಒಯ್ಯುತ್ತಾರೆ, ತಂದಿಡುತ್ತಾರೆ.

ಮೊನ್ನೆ ಜೂನಿನಲ್ಲಿ ಅದೇ ಪ್ರಿನ್ಸಿಪಾಲರ ಫೋನು ಬಂತು. ಕಲಿಸುವವರು ಸಿಗುತ್ತಿಲ್ಲ, ಬರಬೇಕು. ಪುಸ್ತಕದ ಗಲಾಟೆ ಮಾತ್ರ ಬೇಡ ಎಂದರು.

"ಬರ್ತೇನ್ರಿ ಸರ್," ಎಂದಳು ಶಿವಕಾಂತಾ. "ಒಂದು ಖೋಲಿ ಖಾಲಿ ಮಾಡಿ ಇಡ್ರಿ. ಪುಸ್ತಕಾನೂ ಕೂಡೇ ತರ್ತೇನಿ. ಆಗೂದಿಲ್ಲಂದ್ರ, ಬ್ಯಾರೇದವ್ರನ್ನ ನೋಡ್ಕೋರಿ."

ಆ ಕಡೆಯವರು ಇನ್ನೂ ಯೋಚಿಸುತ್ತಿದ್ದಾರೆ.