ಸಂಸದರ ಪರಿಚಯಕ್ಕೆ ಮೂರು ನಿಮಿಷ

ಸಂಸತ್ತಿನ ಕಲಾಪವನ್ನು ನಾನು ಕ್ರಿಕೆಟ್ ನೋಡುವ ಹಾಗೆ ನೋಡುತ್ತೇನೆ. ಯಾರೂ ಕಲಿಸಿದ್ದಲ್ಲ, ನಾನೇ ಹಚ್ಚಿಕೊಂಡ ಹುಚ್ಚು. ಯಾವ ಸಂಸದರು ಯಾವ ಸಮಿತಿಯಲ್ಲಿದ್ದಾರೆ, ಎಷ್ಟು ದಿನ ಗೈರುಹಾಜರಿ, ಕೇಳಿ, ಹೇಳುತ್ತೇನೆ. ಹಾಗಾಗಿ ಮರಾಠಿ ಸೀಮೆಯ ಕೋಥರೂಡದ ನಮ್ಮ ಕನ್ನಡ ಸಂಘಕ್ಕೆ ಇಲ್ಲಿನ ಮರಾಠಿ ಸಂಸದರೊಬ್ಬರು ಬರುತ್ತಾರೆ ಎಂದಾಗ ಪರಿಚಯ ಮಾಡಿಕೊಡುವ ಕೆಲಸ ನನಗೇ ಬಂತು.

ಸಂಘದ ಅಧ್ಯಕ್ಷರು ಧಾರವಾಡದವರು. "ಮೂರ ನಿಮಿಷ ಅಷ್ಟ ನೋಡಪಾ. ಆಮ್ಯಾಲೆ ನಾ ಖೋಲಿ ಕೇಳ್ತೀನಿ" ಎಂದರು. ಖೋಲಿ ಎಂದರೆ ಪಕ್ಕದ ಮುನ್ಸಿಪಾಲ್ಟಿ ಶಾಲೆಯ ಒಂದು ಕೋಣೆ. ನಮ್ಮ ಮಕ್ಕಳ ಭಾನುವಾರದ ಕನ್ನಡ ತರಗತಿ ಅಧ್ಯಕ್ಷರ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ ನಡೆಯುತ್ತಿತ್ತು. ಸೊಸೈಟಿಯವರು ಈ ತಿಂಗಳೇ ಕೊನೆ ಎಂದಿದ್ದರು. ಸಂಸದರು ಶಿಫಾರಸು ಮಾಡಿದರೆ ಕೋಣೆ ಸಿಗುವಂತಿತ್ತು.

ಪರಿಚಯವನ್ನು ಎಲ್ಲರೂ ‘ಸರಳ, ಸಜ್ಜನ’ ಎಂದೇ ಶುರು ಮಾಡುತ್ತಾರೆ. ನನಗೆ ಅಧಿಕೃತ ಮಾಹಿತಿ ಬೇಕಿತ್ತು. ಚುನಾವಣೆಗೆ ನಿಂತಾಗ ಅವರೇ ಸಹಿ ಮಾಡಿ ಕೊಟ್ಟ ಅಫಿಡವಿಟ್‌ಗಿಂತ ಅಧಿಕೃತ ಇನ್ಯಾವುದು? ಹೆಚ್ಚಿನದನ್ನು ಅದರಿಂದಲೇ ಮರಾಠಿಯಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡು ಹೋದೆ.

ವಿದ್ಯಾರ್ಹತೆ ಓದಿದೆ, ಚಪ್ಪಾಳೆ. ಎರಡು ಸಲ ಗೆದ್ದದ್ದು ಓದಿದೆ, ಚಪ್ಪಾಳೆ. ಅದೇ ಉತ್ಸಾಹದಲ್ಲಿ, "ಮಾನ್ಯರ ಮೇಲೆ ಇತ್ಯರ್ಥವಾಗದ ಪ್ರಕರಣಗಳು ಎರಡು: ಅಕ್ರಮ ಕೂಟ, ರಸ್ತೆ ತಡೆ" ಎಂದೆ. ಮುಂದಿನ ಸಾಲಿನ ಅಜ್ಜಿಯೊಬ್ಬರು ರೂಢಿಯ ಮೇಲೆ ಚಪ್ಪಾಳೆ ತಟ್ಟಿದರು. ಶಾಲು ಹಿಡಿದು ನಿಂತಿದ್ದ ಅಧ್ಯಕ್ಷರು ನನ್ನ ಅಂಗಿ ಜಗ್ಗಿದರು. "ಏ ಹುಚ್ಚಾ, ಸತ್ಕಾರ ಮಾಡಾಕತ್ತೀಯೋ, ಪಂಚನಾಮೆ ಮಾಡಾಕತ್ತೀಯೋ?"

ಸಂಸದರು ಎದ್ದು ಬಂದು ಮೈಕ್ ಕಸಿದುಕೊಂಡರು. "ಮೂರನೆಯದನ್ನು ಬಿಟ್ಟೆಯಲ್ಲ!" ಎಂದರು ಮರಾಠಿಯಲ್ಲಿ. "ಅದರಲ್ಲಿ ಖುಲಾಸೆ ಆಯಿತು. ಆದರೆ ಅದೇ ಚೆಂದದ ಕೇಸು." ಆಮೇಲೆ ಅರ್ಧ ಗಂಟೆ ಆ ಕೇಸಿನದೇ ಕಥೆ: ನೀರಿನ ಮೋರ್ಚಾ, ಖಾಲಿ ಕೊಡ, ಲಾಠಿ, ಕಳೆದುಹೋದ ಚಪ್ಪಲಿ. ಸಭೆ ನಕ್ಕು ಸುಸ್ತಾಯಿತು. ಅವರ ಆಪ್ತ ಸಹಾಯಕರು ಗಡಿಯಾರ ತೋರಿಸಿದರು, ಶಾಲು ಹೊದ್ದುಕೊಂಡು ಸಂಸದರು ಹೊರಟೇಬಿಟ್ಟರು. ಖೋಲಿಯ ಮಾತೇ ಆಗಿರಲಿಲ್ಲ.

"ಮುಗೀತ್ರೀ ನಮ್ಮ ಸಾಲಿ" ಎಂದು ಅಧ್ಯಕ್ಷರು ಕುರ್ಚಿಯಲ್ಲಿ ಕುಸಿದರು. ಅವರ ಕೈಯಿಂದ ಖೋಲಿಯ ಅರ್ಜಿ ಕಿತ್ತುಕೊಂಡು ಓಡಿದೆ. ಸಂಸದರು ಕಾರಿನ ಬಾಗಿಲು ತೆರೆಯುತ್ತಿದ್ದರು.

"ಇದನ್ನು ಒಳಗೇ ಯಾಕೆ ಕೇಳಲಿಲ್ಲ?" ಎಂದರು ಅರ್ಜಿ ಓದಿ.

"ತಾವು ಮಾತಾಡುತ್ತಿದ್ದಿರಿ ಸಾಹೇಬ್. ಸದಸ್ಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಸದನದ ನಿಯಮವಿದೆ."

ಅವರು ನನ್ನನ್ನೇ ನೋಡಿದರು. "ನೀನು ನಿಜವಾಗಿಯೂ ಕಲಾಪ ನೋಡುತ್ತೀಯಾ?" ನಗುತ್ತಲೇ ಅರ್ಜಿಯನ್ನು ಕಾರಿನ ಬಾನೆಟ್ ಮೇಲಿಟ್ಟು, ಅಂಚಿನಲ್ಲಿ ಎರಡು ಸಾಲು ಬರೆದು ಸಹಿ ಹಾಕಿದರು.

ಕೋಣೆ ಸಿಕ್ಕಿತು. ಮೊದಲ ಭಾನುವಾರ ಅಧ್ಯಕ್ಷರು ಸಂತೋಷ ತಾಳಲಾರದೆ ಒಂದನೇ ತರಗತಿಯ ಪುಟ್ಟ ಬೆಂಚಿನಲ್ಲಿ ತೂರಿಕೊಂಡು ಕೂತರು. ಎಬ್ಬಿಸಲು ಇಬ್ಬರು ಬೇಕಾದರು.