ಐಸ್ ಪ್ಲಾಂಟಿನ ಕಿಟಕಿ

ಮೊನ್ನೆ ಭಾನುವಾರ ಬ್ರಹ್ಮಾವರದ ಮನೆಯ ಬಚ್ಚಲಲ್ಲಿ ನಿಂತು, ಬಾಗಿಲ ಚಿಲಕ ಭದ್ರವಾಗಿದೆಯೇ ಎಂದು ಎರಡು ಸಲ ನೋಡಿ, ಕೂದಲಿಗೆ ಹಚ್ಚುವ ಬಣ್ಣದ ಪೊಟ್ಟಣ ಬಿಚ್ಚಿದೆ. ವಯಸ್ಸು ಮುಚ್ಚಿಡುವ ಕಳ್ಳತನ ಇದು ಎರಡನೆಯ ಸಲ. ಬಟ್ಟಲಲ್ಲಿ ಕಲಸುತ್ತಿದ್ದಂತೆ ಅಮೋನಿಯಾ ವಾಸನೆ ಮೂಗಿಗೆ ರಾಚಿತು, ಕಣ್ಣಲ್ಲಿ ನೀರು ಬಂತು. ಆ ವಾಸನೆ ನನ್ನನ್ನು ಎಳೆದುಕೊಂಡು ಹೋದದ್ದು ಅದೇ ಅಮೋನಿಯಾದಿಂದ ನೀರನ್ನು ಹೆಪ್ಪುಗಟ್ಟಿಸುವ ಗಂಗೊಳ್ಳಿಯ ಐಸ್ ಪ್ಲಾಂಟಿಗೆ, ಅಲ್ಲಿನ ಒಂದು ಮರದ ಕಿಟಕಿಯ ಹಿಂದೆ ಕೂರುತ್ತಿದ್ದ ರೈಟರ, ಅಂದರೆ ಗುಮಾಸ್ತರ ಹತ್ತಿರಕ್ಕೆ. ಬಣ್ಣ ಹಚ್ಚುವುದನ್ನು ಮರೆತು ಎಷ್ಟು ಹೊತ್ತು ನಿಂತಿದ್ದೆನೋ... ಕಡೆಗೆ ಕಲಸಿದ್ದು ಬಟ್ಟಲಲ್ಲೇ ಒಣಗಿತು.

ಎರಡು ಸಾವಿರದ ಐದೋ ಆರೋ ಇರಬೇಕು. ಕುಂದಾಪುರದಲ್ಲಿ ಕಂಪ್ಯೂಟರ್ ಕಲಿತು, ನನ್ನ ಬಿಟ್ಟರೆ ಇನ್ನಿಲ್ಲ ಎಂಬ ಗತ್ತಿನಲ್ಲಿದ್ದ ನನಗೆ ಗಂಗೊಳ್ಳಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ಧಣಿಯೊಬ್ಬರಿಗೆ ಮೂರು ವ್ಯವಹಾರ: ಬೋಟುಗಳಿಗೆ ಡೀಸೆಲ್ ಕೊಡುವ ಬಂಕು, ಐಸ್ ಪ್ಲಾಂಟು, ಮೀನು ಸಾಗಿಸುವ ಲಾರಿಗಳು. ಮೂರೂ ಕಡೆಯ ಕೆಲಸವನ್ನು ಕಂಪ್ಯೂಟರಿಗೆ ತರುವುದು ನನ್ನ ಪಾಲಿಗೆ ಬಂತು. ಮಳೆಗಾಲದ ಎರಡು ತಿಂಗಳು ಬೋಟುಗಳು ದಡದಲ್ಲಿರುತ್ತವಲ್ಲ, ಅಷ್ಟರೊಳಗೆ ಮುಗಿಸಬೇಕು, ಸೀಸನ್ನಿನ ಮೊದಲ ದಿನವೇ ಶುರುವಾಗಬೇಕು ಎಂದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು. ಅದು ಸರಿ ನಡೆದರೆ ಐಸ್ ಪ್ಲಾಂಟಿನ ರೈಟರನ್ನು ಮನೆಗೆ ಕಳಿಸಬಹುದು, ಚೀಟಿ ನೋಡಲು ಮನುಷ್ಯರು ಯಾಕೆ ಎಂದು. ನಾನು ಹೂಂಗುಟ್ಟಿದೆ. ಈಗಲೂ ಆ ಹೂಂ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ರೈಟರಿಗೆ ಆಗಲೇ ಅರವತ್ತರ ಹತ್ತಿರ. ಬಿಳಿ ಅಂಗಿ, ಕಿವಿಯ ಮೇಲೊಂದು ಪೆನ್ಸಿಲು. ಐಸು ಇಡುವ ಬಂಡಸಾಲೆಯ ಗೋಡೆಯಲ್ಲಿ ಒಂದು ಮೊಳ ಅಗಲದ ಕಿಟಕಿ, ಅದರೊಳಗೆ ಅವರ ಕುರ್ಚಿ. ಹೊರಗಿನಿಂದ ಚೀಟಿ ಬರುತ್ತಿತ್ತು. ಅದರಲ್ಲಿ ಮೂರೇ ಸಂಗತಿ: ಯಾರಿಗೆ, ಎಷ್ಟು ಬ್ಲಾಕು, ಎಲ್ಲಿಗೆ. ಅವರು ಓದಿ, ಪೆನ್ಸಿಲಿನಲ್ಲಿ ಒಂದು ಗೀಟು ಎಳೆದು ಒಳಗೆ ದಾಟಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಐಸು ಹೇಳಿದ ಕಡೆ ಹೋಗಿ ಬೀಳುತ್ತಿತ್ತು. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ. ಹೆಂಡತಿ ತೀರಿಹೋಗಿದ್ದರು, ಮಗಳು ಹಂಗಾರಕಟ್ಟೆಗೆ ಮದುವೆಯಾಗಿ ಹೋಗಿದ್ದಳು. ಬೆಳಿಗ್ಗೆ ಎದ್ದು ಬಂದು ಕೂರಲು ಆ ಕುರ್ಚಿಯೊಂದು ಇತ್ತು ಅಷ್ಟೇ.

ನಾನು ಮಾಡಿದ್ದು ಒಂದೇ ಒಂದು ದೊಡ್ಡ ಪ್ರೋಗ್ರಾಮು. ಮೂರೂ ವ್ಯವಹಾರ ಅದರೊಳಗೇ, ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು. ಬಂಕಿನಲ್ಲಿ ಬೋಟಿನ ಡೀಸೆಲ್ ದಾಖಲಾದರೆ ಮಾತ್ರ ಐಸಿನ ಟೋಕನ್ ಅಚ್ಚಾಗುತ್ತಿತ್ತು, ಐಸು ದಾಖಲಾದರೆ ಮಾತ್ರ ಲಾರಿ. ಡೀಸೆಲ್ ಹಾಕದ ಬೋಟು ಸಮುದ್ರಕ್ಕೆ ಹೋಗುವುದಿಲ್ಲ, ಹೋಗದ ಬೋಟಿಗೆ ಐಸು ಯಾಕೆ ಎಂಬುದು ನನ್ನ ಲೆಕ್ಕಾಚಾರ. ಬಹಳ ಅಚ್ಚುಕಟ್ಟಾಗಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಅಷ್ಟಕ್ಕೇ ಬಿಡದೆ, ಹಳೆ ಕಿಟಕಿ ತೆರೆದಿದ್ದರೆ ಜನ ಕಂಪ್ಯೂಟರಿನ ಕಡೆ ತಿರುಗಿಯೂ ನೋಡುವುದಿಲ್ಲ, ಅದನ್ನು ಮುಚ್ಚಿಸಿ ಎಂದು ಧಣಿಗೆ ಹೇಳಿದವಳೂ ನಾನೇ. ಮಾರನೆಯ ದಿನವೇ ಕಿಟಕಿಗೆ ಎರಡು ಮೊಳೆ ಬಿತ್ತು. ರೈಟರು ಹೊರಗಿನ ಬೆಂಚಿನ ಮೇಲೆ ಕೂತು ಅದನ್ನು ನೋಡುತ್ತಿದ್ದರು.

ಸೀಸನ್ನಿನ ಮೊದಲ ಬೆಳಿಗ್ಗೆ ಬಂದರಿನ ದಕ್ಕೆಯ ತುಂಬಾ ಬೋಟು. ಹೊಸ ಬಣ್ಣ, ಚುಕ್ಕಾಣಿಗೆ ಹೂವು, ಊದುಬತ್ತಿ. ಹೊಳೆ ಕಡಲು ಸೇರುವ ಗಂಗೊಳ್ಳಿಯ ಅಳಿವೆಯಲ್ಲಿ ಮರಳು ಜಾಸ್ತಿ. ಐಸು, ಡೀಸೆಲ್ ತುಂಬಿಕೊಂಡು ಭಾರವಾದ ಬೋಟು ಭರತದ ನೀರಿರುವಾಗಲೇ ದಾಟಬೇಕು, ಇಳಿತ ಶುರುವಾದರೆ ತಳ ಮರಳಿಗೆ ತಾಗುತ್ತದೆ. ಅಂದು ಹತ್ತೂವರೆಯೊಳಗೆ ಎಲ್ಲ ಬೋಟುಗಳೂ ಹೊರಡಬೇಕಿತ್ತು. ಎಂಟು ಗಂಟೆಗೆ ಬಂಕಿನ ಕಂಪ್ಯೂಟರ್ ಕಣ್ಣು ಮುಚ್ಚಿತು. ವೋಲ್ಟೇಜೋ, ತೇವವೋ, ಯಾರಿಗೆ ಗೊತ್ತು. ಬಂಕಿನವರು ಕೈಯಲ್ಲಿ ಬರೆದುಕೊಂಡು ಡೀಸೆಲ್ ಕೊಡುತ್ತಲೇ ಇದ್ದರು, ಅವರಿಗೇನೂ ಅಡ್ಡಿಯಾಗಲಿಲ್ಲ. ಆದರೆ ಐಸ್ ಪ್ಲಾಂಟಿನಲ್ಲಿ ನನ್ನ ಕಂಪ್ಯೂಟರು ಬಂದ ಪ್ರತಿ ಬೋಟಿಗೂ ಒಂದೇ ರಾಗ ಹಾಡಿತು: ಡೀಸೆಲ್ ದಾಖಲೆ ಇಲ್ಲ. ಟೋಕನ್ ಇಲ್ಲದೆ ಐಸು ಬಿಡಬಾರದೆಂದು ಧಣಿಯ ಕಟ್ಟಪ್ಪಣೆ. ಐಸು ಪುಡಿ ಮಾಡುವ ಕ್ರಷರಿನವರು ಕೈಕಟ್ಟಿ ನಿಂತರು.

ನಾನು ಆಫ್ ಮಾಡಿದೆ, ಆನ್ ಮಾಡಿದೆ, ವೈರು ಕಿತ್ತು ಮತ್ತೆ ಸಿಕ್ಕಿಸಿದೆ. ಬಾಗಿಲಲ್ಲಿ ತಾಂಡೇಲರು, ಅಂದರೆ ಬೋಟು ನಡೆಸುವವರು, ಒಬ್ಬರ ಹಿಂದೆ ಒಬ್ಬರು ಬಂದು ನಿಲ್ಲುತ್ತಿದ್ದರು. ಮೊದಮೊದಲು ನಗುತ್ತಿದ್ದರು, ಆಮೇಲೆ ನಗಲಿಲ್ಲ. ಎರಡು ತಿಂಗಳು ಕೆಲಸವಿಲ್ಲದೆ ಕೂತವರು ಮೊದಲ ಸಲ ಹೊರಡುವ ದಿನ ಅದು. ಅವರಲ್ಲೊಬ್ಬರು ಕೂಗದೆ, ತಣ್ಣಗೆ ಹೇಳಿದರು: "ಹ್ವಾಯ್, ನೀರ್ ಇಳೂಕ್ ಶುರು ಆತ್ತ್ ಈಗ." ಗಡಿಯಾರದಲ್ಲಿ ಒಂಬತ್ತು ದಾಟಿತ್ತು.

ಆಗ ರೈಟರು ಬೆಂಚಿನಿಂದ ಎದ್ದು ಒಳಗೆ ಬಂದರು. ನನ್ನ ಪಕ್ಕ ನಿಂತು, ಪರದೆಯನ್ನು ನೋಡಲೂ ಇಲ್ಲ.

"ತಂಗಿ, ಒಳ್ಗ್ ಐಸ್ ಇತ್ತಲ್ದಾ?" ಎಂದರು. ಇದೆ ಎಂದೆ.

"ಹೊರ್ಗ್ ಬೋಟ್ ಇತ್ತಲ್ದಾ?" ಇದೆ ಎಂದೆ.

"ಹಂಗಾರೆ ನಡು ನಿಂದ್ ಎಂತ?"

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. ಐಸ್ ಎಳೆಯುವ ಕಬ್ಬಿಣದ ಕೊಕ್ಕೆ ತೆಗೆದುಕೊಂಡು ಕಿಟಕಿಯ ಮೊಳೆಗಳನ್ನು ಒಂದಾದ ಮೇಲೊಂದು ಕಿತ್ತರು. ಬಾಗಿಲು ಸರಿಸಿದ್ದೇ ತಡ, ಹತ್ತು ಕೈ ಒಳಗೆ ಬಂತು. ಕಿಟಕಿ ಮುಚ್ಚಿಸಿದ ದಿನ ಚೀಟಿಯ ಪುಸ್ತಕವನ್ನು ನಾನೇ ಮೂಲೆಗೆ ಎಸೆದಿದ್ದೆ. ತಾಂಡೇಲರು ಬೀಡಿ ಕಟ್ಟಿನ ಕಾಗದದ ಮೇಲೆ, ಹರಿದ ಕ್ಯಾಲೆಂಡರಿನ ಹಿಂದೆ ಬರೆದುಕೊಂಡು ಬಂದಿದ್ದರು. ಯಾರಿಗೆ, ಎಷ್ಟು, ಎಲ್ಲಿಗೆ. ರೈಟರು ಗೀಟು ಎಳೆದರು, ಕ್ರಷರಿನವರು ಧಣಿಯ ಮಾತು ಮರೆತು ಸ್ವಿಚ್ ಒತ್ತಿದರು. ನಾನು ಚೀಟಿಗಳನ್ನು ರೈಟರ ಕೈಯಿಂದ ಒಳಕ್ಕೆ ಓಡಿಸುವವಳಾದೆ. ಚಪ್ಪಲಿ ಎಲ್ಲಿ ಜಾರಿತೋ, ಐಸ್ ನೀರಿನಲ್ಲಿ ಬರಿಗಾಲಲ್ಲೇ ಓಡಿದೆ.

ಕೊನೆಯ ಬೋಟು ಅಳಿವೆ ದಾಟಿದಾಗ ಹತ್ತೂವರೆಗೆ ಐದು ನಿಮಿಷ ಇತ್ತು. ದಕ್ಕೆಯ ತುದಿಯಲ್ಲಿ ನಿಂತು ನೋಡುತ್ತಿದ್ದೆ. ಬೋಟಿನ ಮೂತಿ ಒಮ್ಮೆ ಎದ್ದು, ತಗ್ಗಿ, ಮರಳಿಗೆ ತಾಗದೆ ಆಚೆ ಹೋಯಿತು. ನನ್ನ ಎದೆಯ ಮೇಲಿಂದ ಐಸಿನ ಬ್ಲಾಕೊಂದನ್ನು ಇಳಿಸಿದ ಹಾಗಾಯಿತು. ಜನರ ಎದುರಿಗೇ ಅತ್ತೆ, ನಾಚಿಕೆ ಆಗಲಿಲ್ಲ.

ಧಣಿ ಬಂದರು. ಮೊಳೆ ಕಿತ್ತವರು ಯಾರು ಎಂದು ಕೇಳಿದರು. ತಪ್ಪು ಇವಳದು ಎಂದು ರೈಟರು ಆಗ ಒಂದು ಮಾತು ಆಡಿದ್ದರೆ ಸಾಕಿತ್ತು, ನಾನು ಮಧ್ಯಾಹ್ನದ ಬಸ್ಸಿಗೆ ಕುಂದಾಪುರ ಸೇರುತ್ತಿದ್ದೆ. ಅವರ ಕುರ್ಚಿಯೂ ಉಳಿಯುತ್ತಿತ್ತು. ಅವರು ಹೇಳಿದ್ದು ಬೇರೆ: "ಹೆಣ್ಣಿನ್ ಕೆಲ್ಸ ಸಮ ಇತ್ತ್. ಕಿಟ್ಕಿ ಒಂದ್ ಮುಚ್ಚೂಕಾಗ." ನನಗೆ ತಡೆದುಕೊಳ್ಳಲಾಗಲಿಲ್ಲ. ಕಿಟಕಿ ಮುಚ್ಚಿಸಲು ಹೇಳಿದ್ದು ನಾನು, ಐಸನ್ನು ಡೀಸೆಲಿಗೆ ಕಟ್ಟಿಹಾಕಿದ್ದೂ ನಾನು, ರೈಟರು ಇಲ್ಲದಿದ್ದರೆ ಇವತ್ತು ಒಂದು ಬೋಟೂ ಹೋಗುತ್ತಿರಲಿಲ್ಲ ಎಂದು ಎಲ್ಲವನ್ನೂ ಒಪ್ಪಿಕೊಂಡೆ. ಧಣಿ ಇಬ್ಬರನ್ನೂ ಒಂದೊಂದು ಸಲ ನೋಡಿ, ಹದಿನೈದು ದಿನದಲ್ಲಿ ಸರಿ ಮಾಡು, ಇವರನ್ನು ಕೇಳಿಕೊಂಡು ಮಾಡು ಎಂದು ಹೇಳಿ ಹೋದರು.

ಆ ಹದಿನೈದು ದಿನ ನಾನು ಕಿಟಕಿಯ ಒಳಗೆ ಒಂದು ಸ್ಟೂಲು ಹಾಕಿಕೊಂಡು ಕೂತೆ. ಬೋಟು, ಮೀನಿನ ಬುಟ್ಟಿಯ ಹೆಂಗಸರು, ಹೋಟೆಲಿನವರು, ಎಲ್ಲರೂ ಅದೇ ಮೂರು ಸಂಗತಿಯ ಚೀಟಿ ತರುತ್ತಿದ್ದರು. ಒಂದು ದಿನ ಬಂದ ಚೀಟಿಯಲ್ಲಿ ಬೋಟಿನ ಬದಲು ಒಂದು ಮನೆಯ ಹೆಸರಿತ್ತು, ನಾಲ್ಕು ಬ್ಲಾಕು. ತಂದವರು ತಲೆ ತಗ್ಗಿಸಿ ನಿಂತಿದ್ದರು. ರೈಟರು ಓದಿ ಏನೂ ಕೇಳದೆ ಎಲ್ಲರಿಗಿಂತ ಮೊದಲು ಕಳಿಸಿದರು. ಆ ಮನೆಯಲ್ಲಿ ಸಾವಾಗಿತ್ತು, ಮಗ ಮುಂಬೈಯಿಂದ ಬಂದು ಮುಟ್ಟುವ ತನಕ ಹೆಣ ಇಡಬೇಕಿತ್ತು ಎಂದು ನನಗೆ ಆಮೇಲೆ ತಿಳಿಯಿತು. ನನ್ನ ಪ್ರೋಗ್ರಾಮಾಗಿದ್ದರೆ ಬೋಟಿನ ನಂಬರು ಕೇಳುತ್ತಿತ್ತು...

ಬಂಕಿನವರಿಗೂ ನಿಮಗೂ ಇಷ್ಟು ವರ್ಷ ಹೇಗೆ ಹೊಂದಿಕೆಯಾಯಿತು ಎಂದು ಕೇಳಿದ್ದಕ್ಕೆ ಅವರು ಪೆನ್ಸಿಲು ಕಿವಿಗೆ ಸಿಕ್ಕಿಸಿ ಹೇಳಿದರು: "ಐಸ್ ಹ್ಯಾಂಗ್ ಆತ್ತ್ ಅಂದೇಳಿ ಅವ್ರಿಗ್ ಗೊತ್ತಿಲ್ಲೆ. ಡೀಸಿಲ್ ಹ್ಯಾಂಗ್ ಬತ್ತ್ ಅಂದೇಳಿ ನಂಗ್ ಗೊತ್ತಿಲ್ಲೆ. ಚೀಟಿ ಓದೂಕೆ ಇಬ್ರಿಗೂ ಗೊತ್ತಿತ್ತ್. ಅಷ್ಟ್ ಸಾಕ್."

ನಾನು ದೊಡ್ಡ ಪ್ರೋಗ್ರಾಮನ್ನು ಮೂರು ತುಂಡು ಮಾಡಿದೆ. ಐಸಿನದ್ದು ಐಸಿನಷ್ಟೇ, ಡೀಸೆಲಿನದ್ದು ಡೀಸೆಲಿನಷ್ಟೇ, ಲಾರಿಯದ್ದು ಲಾರಿಯಷ್ಟೇ. ಪ್ರತಿಯೊಂದಕ್ಕೂ ಒಂದು ಕಿಟಕಿ, ಗೊತ್ತುಪಡಿಸಿದ ಒಂದು ಚೀಟಿ. ಧಣಿಗೆ ಮೂರನ್ನೂ ಒಟ್ಟಿಗೆ ನೋಡಬೇಕಾದರೆ ಇನ್ನೊಂದು ಪುಟ್ಟ ಪ್ರೋಗ್ರಾಮು ಮೂರೂ ಕಿಟಕಿಗೆ ಹೋಗಿ ಕೇಳಿಕೊಂಡು ಬರುತ್ತಿತ್ತು. ಒಂದು ಮಲಗಿದರೂ ಉಳಿದೆರಡು ನಡೆಯುತ್ತಿದ್ದವು. ಐಸಿನ ಕಂಪ್ಯೂಟರಿನ ಮುಂದೆ ರೈಟರೇ ಕೂತರು, ಒಂದೇ ಬೆರಳಲ್ಲಿ ಕುಟ್ಟುತ್ತಾ. ಅವರ ಕುರ್ಚಿಯ ಮಾತನ್ನು ಧಣಿ ಮತ್ತೆ ಎತ್ತಲಿಲ್ಲ. ಮುಂದೆ ಮಂಗಳೂರಿನ ಒಂದು ತರಬೇತಿಯಲ್ಲಿ, ಸರ್ವಿಸ್ ಓರಿಯೆಂಟೆಡ್ ಆರ್ಕಿಟೆಕ್ಚರ್ ಎಂಬ ಭಾರಿ ಹೆಸರಿನಡಿ ಮೇಷ್ಟ್ರು ಬೋರ್ಡಿನ ಮೇಲೆ ಪೆಟ್ಟಿಗೆ, ಬಾಣ ಎಳೆದು ಇದನ್ನೇ ವಿವರಿಸಿದಾಗ ನನಗೆ ನಗು ತಡೆಯಲಾಗಲಿಲ್ಲ. ಕಾರಣ ಕೇಳಿದರು, ನೆಗಡಿ ಎಂದು ಸುಳ್ಳು ಹೇಳಿದೆ.

ಆಮೇಲೆ ನಾನು ಬ್ರಹ್ಮಾವರದ ಕಾಲೇಜಿಗೆ ಪಾಠ ಹೇಳಲು ಬಂದೆ. ಗಂಗೊಳ್ಳಿಗೆ ಹೋಗುವುದು ಕಡಿಮೆಯಾಯಿತು, ಹೋಗಬೇಕು ಎಂದುಕೊಳ್ಳುವುದು ಮಾತ್ರ ನಿಲ್ಲಲಿಲ್ಲ. ತಮ್ಮನ ಮದುವೆ ಬೈಂದೂರಿನಲ್ಲಿ ನಡೆದಾಗ ಐಸು ಬೇಕಾಯಿತು. ಹಳೆ ಅಭ್ಯಾಸದಂತೆ ಯಾರಿಗೆ, ಎಷ್ಟು, ಎಲ್ಲಿಗೆ ಎಂದು ಬರೆದು ಆ ಕಡೆಗೆ ಹೋಗುವವರ ಕೈಯಲ್ಲಿ ಕಳಿಸಿದೆ. ಹೇಳಿದ ಹೊತ್ತಿಗೆ, ಹೇಳಿದಷ್ಟು ಐಸು ಛತ್ರದ ಹಿಂಬಾಗಿಲಿಗೆ ಬಂದು ಇಳಿಯಿತು. ರೈಟರಲ್ಲವೇ, ತಪ್ಪುವವರಲ್ಲ ಎಂದು ಎಲ್ಲರ ಮುಂದೆ ಜಂಭ ಕೊಚ್ಚಿಕೊಂಡೆ. ಮರುದಿನ ಅವರಿಗೆ ಎರಡು ಮಾತು ಹೇಳೋಣವೆಂದು ಪ್ಲಾಂಟಿಗೆ ಫೋನ್ ಮಾಡಿದರೆ ಬೇರೆ ಯಾರದೋ ದನಿ. ರೈಟರಿಗೆ ಕೊಡಿ ಎಂದೆ.

"ರೈಟ್ರ್ ತೀರಿ ಹೋಯಿ ಹನ್ನೊಂದ್ ದಿನ ಆಯ್ತ್ ಅಕ್ಕ."

ಕೊನೆಯ ವಾರದವರೆಗೂ ಕುರ್ಚಿಯಲ್ಲೇ ಕೂತಿದ್ದರಂತೆ. ಜ್ವರವೆಂದು ಮನೆಗೆ ಹೋದವರು ಮತ್ತೆ ಬರಲಿಲ್ಲವಂತೆ. ಫೋನ್ ಇಟ್ಟು ಅಳುತ್ತಿರುವಾಗಲೂ ಒಂದು ಸಮಾಧಾನ ಇತ್ತು, ಮುಚ್ಚಿಡದೆ ಹೇಳುತ್ತೇನೆ: ಆ ಕುರ್ಚಿಯಿಂದ ಅವರನ್ನು ಎಬ್ಬಿಸಿ ಕಳಿಸಿದವಳು ನಾನಾಗಲಿಲ್ಲ.

ಈಗ ಪ್ರತಿ ವರ್ಷ ಈ ಪಾಠ ಬಂದಾಗ ಬೋರ್ಡಿನ ಮೇಲೆ ಮೊದಲು ಒಂದು ಕಿಟಕಿ ಬರೆಯುತ್ತೇನೆ. ಚೀಟಿ ಸರಿಯಿದ್ದರೆ ಸಾಕು, ಒಳಗೆ ಯಾರು ಕೂತಿದ್ದಾರೆಂದು ಹೊರಗಿನವರಿಗೆ ಗೊತ್ತಿರಬೇಕಿಲ್ಲ ಎಂದು ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಪಾಠದ ಮಟ್ಟಿಗೆ ಅದು ಸರಿಯಾದ ಮಾತು. ಆದರೆ ಆ ಹನ್ನೊಂದು ದಿನ, ಒಳಗೆ ಅವರಿಲ್ಲವೆಂದು ನನಗೆ ಗೊತ್ತಿರಬೇಕಿತ್ತು.